ಪರಸ್ಥಳದವನ ನಿದ್ರೆ: ವಸತಿಗೃಹಗಳ ಆರೋಗ್ಯ ಮತ್ತು ಸುರಕ್ಷಾ ನಿಯಮಗಳ ಪರಿಷ್ಕರಣವನ್ನು ಕುರಿತು

(ಸವಣೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಸಾಹಿತ್ಯ, ಧರ್ಮ, ಸಂಗೀತಾದಿ ವಿಷಯಗಳ ಮೇಲೆ ದತ್ತಿ ಉಪನ್ಯಾಸಗಳನ್ನು ಕೇಳಿ ಅಭ್ಯಾಸವಿರುವ ಈ ಸಭೆಯ ಮುಂದೆ, ಲಾಡ್ಜಿನ ಮೆಟ್ಟಿಲ ಅಗಲವೆಷ್ಟಿರಬೇಕು, ಅದರ ಮಾಳಿಗೆಯ ಮೇಲಿನ ನೀರಿನ ತೊಟ್ಟಿಗೆ ಮುಚ್ಚಳವುಂಟೋ ಇಲ್ಲವೋ, ಅಡಿಗೆಮನೆಯ ಪಕ್ಕದಲ್ಲಿ ಚಾಪೆ ಹಾಸಿ ಮಲಗುವ ಹುಡುಗನಿಗೆ ಹೊರಬರಲು ಎರಡನೆಯ ಬಾಗಿಲಿದೆಯೇ ಎಂಬ ಪ್ರಶ್ನೆಗಳನ್ನು ಎತ್ತಿಕೊಂಡು ನಿಲ್ಲುವುದು ಕೆಲವರಿಗಾದರೂ ಅನುಚಿತವೆಂದು ತೋರಬಹುದು. ಆದರೆ ಅತಿಥಿಸತ್ಕಾರವನ್ನು ಕುರಿತು ನಮ್ಮಲ್ಲಿ ಭಾಷಣಗಳಿಗೆ ಕೊರತೆಯಿಲ್ಲ. ಅತಿಥಿ ರಾತ್ರಿ ಮಲಗಿದ ಮೇಲೆ ಅವನ ಪ್ರಾಣಕ್ಕೆ ಯಾರು ಹೊಣೆ ಎಂಬುದನ್ನು ಕುರಿತು ಮಾತ್ರ ಮಾತು ಕಡಮೆ. ರಾಜ್ಯದ ವಸತಿಗೃಹಗಳಿಗೆ ಸಂಬಂಧಿಸಿದ ಆರೋಗ್ಯ ಮತ್ತು ಸುರಕ್ಷತೆಯ ನಿಯಮಗಳನ್ನು ಹೊಸದಾಗಿ ಬರೆಯಬೇಕೆಂಬ ಮಾತು ಪ್ರತಿಯೊಂದು ದುರಂತದ ಮರುದಿನ ಕೇಳಿಬರುತ್ತದೆ; ಕೆಲವು ವಾರಗಳಲ್ಲಿ ತಣ್ಣಗಾಗುತ್ತದೆ. ದುರಂತದ ಗದ್ದಲವಿಲ್ಲದ ಒಂದು ಸಂಜೆ ಅದನ್ನು ಸಾವಧಾನವಾಗಿ ವಿಚಾರಿಸುವುದಕ್ಕೆ ದತ್ತಿ ಉಪನ್ಯಾಸಕ್ಕಿಂತ ಯೋಗ್ಯವಾದ ಸಂದರ್ಭ ನನಗೆ ತೋರಲಿಲ್ಲ.

ಸವಣೂರು ಈ ವಿಷಯಕ್ಕೆ ಹೊರಗಿನದಲ್ಲ. ನವಾಬರ ರಾಜಧಾನಿಯಾಗಿದ್ದು, 1948ರಲ್ಲಿ ಸಂಸ್ಥಾನ ವಿಲೀನವಾದ ಮೇಲೆ ಧಾರವಾಡ ಜಿಲ್ಲೆಗೂ, 1997ರಲ್ಲಿ ಹೊಸ ಜಿಲ್ಲೆ ಏರ್ಪಟ್ಟ ಮೇಲೆ ಹಾವೇರಿಗೂ ಸೇರಿದ ಈ ಊರಿಗೆ ಪರಸ್ಥಳದವರು ಬರುತ್ತಲೇ ಇದ್ದಾರೆ. ಸತ್ಯಬೋಧಸ್ವಾಮಿಗಳ ವೃಂದಾವನದ ಆರಾಧನೆಗೆ ಬರುವ ಯಾತ್ರಿಕರು, ದೊಡ್ಡಹುಣಸೆ ಮಠದ ಆವರಣದಲ್ಲಿರುವ ಮೂರು ಮಹಾವೃಕ್ಷಗಳನ್ನು ನೋಡಲು ಬರುವ ವಿದ್ಯಾರ್ಥಿಗಳು, ವೀಳ್ಯದೆಲೆಯ ವ್ಯಾಪಾರಸ್ಥರು, ಯಲವಿಗಿಯಲ್ಲಿ ರೈಲು ಇಳಿದು ಬರುವ ಬಂಧುಗಳು, ಹಾನಗಲ್ಲಿನ ತಾರಕೇಶ್ವರವನ್ನೂ ಬಂಕಾಪುರದ ನಗರೇಶ್ವರವನ್ನೂ ಕನಕದಾಸರ ಬಾಡವನ್ನೂ ಒಂದೇ ಪ್ರವಾಸದಲ್ಲಿ ಮುಗಿಸಬೇಕೆಂದು ಹೊರಟವರು, ಇವರೆಲ್ಲರೂ ಎಲ್ಲಿಯಾದರೂ ಒಂದು ಕಡೆ ತಲೆಯೂರಲೇಬೇಕಷ್ಟೆ. ಹೆದ್ದಾರಿ ಶಿಗ್ಗಾಂವಿಯನ್ನು ಹಾದುಹೋಗುವುದರಿಂದ ಅದರ ಬದಿಯ ವಸತಿಗೃಹಗಳಿಗೆ ರಾತ್ರಿ ಹನ್ನೊಂದರ ಮೇಲೆ ಬಂದು ಬೆಳಗಿನ ಐದಕ್ಕೆ ಹೊರಡುವ ಲಾರಿ ಚಾಲಕರೂ ಉಂಟು. ಗೋಟಗೋಡಿಯ ಜಾನಪದ ವಿಶ್ವವಿದ್ಯಾಲಯ ಬಂದ ಮೇಲೆ ತಿಂಗಳುಗಟ್ಟಲೆ ಬಾಡಿಗೆ ಕೋಣೆಯಲ್ಲಿರುವ ತರುಣ ತರುಣಿಯರೂ ಉಂಟು. ಇಂಥ ಸಣ್ಣ ಊರುಗಳ ಹತ್ತು ಹನ್ನೆರಡು ಕೋಣೆಗಳ ಲಾಡ್ಜುಗಳನ್ನು ನೆನೆದೇ ಈ ಮಾತನ್ನಾಡುತ್ತಿದ್ದೇನೆ. ಬೆಂಗಳೂರಿನ ನಕ್ಷತ್ರಾಂಕಿತ ಹೋಟೆಲುಗಳಿಗೆ ತಮ್ಮನ್ನು ತಾವು ನೋಡಿಕೊಳ್ಳುವ ಸಾಮರ್ಥ್ಯವಿದೆ.

ಪರಸ್ಥಳದವನನ್ನು ಕಂಡರೆ ರಾಜ್ಯಕ್ಕೆ ಎರಡು ಬಗೆಯ ಚಿಂತೆ ಹುಟ್ಟುತ್ತದೆ: ಇವನು ಯಾರು ಎಂಬುದೊಂದು, ಇವನಿಗೇನಾದರೂ ಆದೀತೆ ಎಂಬುದಿನ್ನೊಂದು. ಮೊದಲನೆಯದು ಶಂಕೆ, ಎರಡನೆಯದು ಕಾಳಜಿ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ನಗರಾಧಿಕಾರಿಯ ಕರ್ತವ್ಯಗಳನ್ನು ಹೇಳುವ ಪ್ರಕರಣವನ್ನು ಓದಿದರೆ ಈ ಎರಡೂ ಅಕ್ಕಪಕ್ಕದಲ್ಲಿಯೇ ಕುಳಿತಿರುವುದು ಕಾಣುತ್ತದೆ. ಧರ್ಮಶಾಲೆಯನ್ನು ನಡೆಸುವವನು ಬಂದ ಪಥಿಕರ ಸಂಗತಿಯನ್ನು ಅಧಿಕಾರಿಗೆ ತಿಳಿಸಬೇಕು; ಮನೆಯ ಯಜಮಾನನು ಬಂದವರನ್ನೂ ಹೋದವರನ್ನೂ ವರದಿ ಮಾಡಬೇಕು, ಮಾಡದಿದ್ದರೆ ಆ ರಾತ್ರಿಯ ಅಪರಾಧಗಳಿಗೆ ಅವನೇ ಭಾಗಿ, ಏನೂ ನಡೆಯದ ಕ್ಷೇಮರಾತ್ರಿಯಾದರೂ ಮೂರು ಪಣ ದಂಡ. ಅದೇ ಪ್ರಕರಣದಲ್ಲಿಯೇ ಬೇಸಗೆಯ ನಡುಹಗಲಲ್ಲಿ ಒಲೆ ಹಚ್ಚಬಾರದು, ಮನೆಯಲ್ಲಿ ನೀರಿನ ಕೊಡಗಳು, ಏಣಿ, ಕೊಡಲಿ, ಕೊಕ್ಕೆ, ಚರ್ಮದ ಚೀಲ ಸಿದ್ಧವಾಗಿರಬೇಕು, ಬೀದಿಗಳಲ್ಲಿಯೂ ಚೌಕಗಳಲ್ಲಿಯೂ ಸಾವಿರಗಟ್ಟಲೆ ಜಲಪಾತ್ರೆಗಳನ್ನು ಸಾಲಾಗಿ ಇಟ್ಟಿರಬೇಕು, ಬೆಂಕಿ ಬಿದ್ದಾಗ ಆರಿಸಲು ಓಡಿಬಾರದ ಮನೆಯೊಡೆಯನಿಗೆ ಹನ್ನೆರಡು ಪಣ, ಬಾಡಿಗೆಯವನಿಗೆ ಆರು ಪಣ ದಂಡ ಎಂಬ ವಿಧಿಗಳೂ ಇವೆ. ಶಂಕೆಯೂ ಕಾಳಜಿಯೂ ಒಬ್ಬನೇ ಅಧಿಕಾರಿಯ ಕೈಯಲ್ಲಿದ್ದುದನ್ನು ಗಮನಿಸಬೇಕು. ಈ ಗ್ರಂಥದ ತಾಳೆಗರಿಯ ಪ್ರತಿ ನಮ್ಮ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ, 1909ರಲ್ಲಿ ಮುದ್ರಣವಾಗಿ ಪ್ರಪಂಚಕ್ಕೆ ತಿಳಿದುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಇದೇ ಸವಣೂರಿನಲ್ಲಿ ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ ವರ್ಷವೂ ಅದೇ ಎಂಬುದನ್ನು ಪ್ರಸಂಗವಶಾತ್ ಹೇಳದೆ ಮುಂದೆ ಹೋಗಲು ಮನಸ್ಸಾಗದು.

ಇಂಗ್ಲಿಷರ ಆಳ್ವಿಕೆಯಲ್ಲಿ ಶಂಕೆ ಕಾಳಜಿಗಳ ಈ ಜೋಡಿ ಒಡೆಯಿತು, ಆದರೆ ಕೂಡಲೇ ಒಡೆಯಲಿಲ್ಲ. 1867ರ ಸರಾಯಿ (ಪಥಿಕರ ತಂಗುಮನೆ) ಕಾಯಿದೆ ಮೊದಲಿಗೆ ಉತ್ತರದ ಪ್ರಾಂತಗಳಿಗಾಗಿ ಮಾಡಿದುದು. ಸರಾಯಿಯ ಒಡೆಯ ತನ್ನ ಹೆಸರನ್ನು ಮ್ಯಾಜಿಸ್ಟ್ರೇಟರ ಬಳಿ ನೋಂದಾಯಿಸಬೇಕು, ಕೇಳಿದಾಗ ಇಳಿದವರ ವರದಿ ಕೊಡಬೇಕು ಎಂಬುದರ ಜೊತೆಗೆ, ಸಾಂಕ್ರಾಮಿಕ ರೋಗಿಯಿದ್ದರೆ ಅಥವಾ ಯಾರಾದರೂ ಸತ್ತರೆ ಸಮೀಪದ ಪೊಲೀಸು ಠಾಣೆಗೆ ತತ್‌ಕ್ಷಣ ತಿಳಿಸತಕ್ಕದ್ದು, ಕೋಣೆ ಜಗುಲಿ ಮೋರಿ ಬಾವಿಗಳನ್ನು ಚೊಕ್ಕಟವಾಗಿಡತಕ್ಕದ್ದು, ಗೋಡೆ ಬಾಗಿಲು ಮಾಡುಗಳನ್ನು ದುರಸ್ತಿಯಲ್ಲಿಡತಕ್ಕದ್ದು, ಕಾವಲುಗಾರರನ್ನು ನೇಮಿಸತಕ್ಕದ್ದು, ಬಾಡಿಗೆಯ ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕತಕ್ಕದ್ದು ಎಂದು ಅದು ವಿಧಿಸಿತು. ತಪ್ಪಿದರೆ ದಂಡ ಇಪ್ಪತ್ತು ರೂಪಾಯಿ ಮೀರದಂತೆ, ತಪ್ಪು ಮುಂದುವರಿದಷ್ಟು ದಿನ ದಿನಕ್ಕೊಂದು ರೂಪಾಯಿ. ದಂಡದ ಮೊತ್ತವನ್ನು ನೋಡಿ ನಗುವ ಮೊದಲು ಒಂದು ಅಂಶವನ್ನು ಒಪ್ಪಬೇಕು: ಬಾವಿ, ಮೋರಿ, ಮಾಡು, ಕಾವಲು, ಈ ನಾಲ್ಕನ್ನೂ ಒಂದೇ ಕಡೆ ಹೇಳುವ ಸ್ಪಷ್ಟತೆ ಆ ಕಾಯಿದೆಗಿತ್ತು.

ಅದಕ್ಕಿಂತಲೂ ಮಹತ್ವದ್ದು 1871ರ ಪುರಿ ವಸತಿಗೃಹ ಕಾಯಿದೆ. ಜಗನ್ನಾಥನ ರಥಯಾತ್ರೆಗೆ ಬಂದ ಲಕ್ಷಾಂತರ ಯಾತ್ರಿಕರು ಗಾಳಿಯಿಲ್ಲದ ಕೋಣೆಗಳಲ್ಲಿ ತುಂಬಿಕೊಂಡು, ಅಲ್ಲಿಂದ ಕಾಲರಾ ರೋಗವನ್ನು ಹೊತ್ತು ದೇಶದ ಮೂಲೆಮೂಲೆಗೆ ಹಿಂದಿರುಗುತ್ತಿದ್ದ ಕಾಲ ಅದು. ಆ ಕಾಯಿದೆಯಲ್ಲಿ ವಸತಿಗೃಹದ ಪರವಾನಗಿ ಆರೋಗ್ಯಾಧಿಕಾರಿಯ ಪ್ರಮಾಣಪತ್ರದ ಮೇಲೆ ನಿಂತಿತು. ಈ ಮನೆಯಲ್ಲಿ ಇಷ್ಟು ಜನ ಮಲಗಬಹುದು, ಅದಕ್ಕಿಂತ ಹೆಚ್ಚಲ್ಲ ಎಂದು ವೈದ್ಯನು ಬರೆದುಕೊಟ್ಟ ಸಂಖ್ಯೆಯೇ ಪರವಾನಗಿಯ ತಿರುಳು. ಪರಸ್ಥಳದವನ ಹೆಸರಿಗಿಂತ ಅವನ ಉಸಿರಿಗೆ ಬೇಕಾದ ಗಾಳಿಯನ್ನು ಅಳೆದ ಕಾನೂನು, ನನ್ನ ಓದಿನ ಮಟ್ಟಿಗೆ, ಈ ದೇಶದಲ್ಲಿ ಅದೇ ಮೊದಲು. ಅದರ ಮಾರ್ಗದಲ್ಲಿಯೇ ಮುಂದೆ 1939ರ ಮದರಾಸು ಸಾರ್ವಜನಿಕ ಆರೋಗ್ಯ ಕಾಯಿದೆ ಬಂದಿತು. ಹೋಟೆಲು, ಛತ್ರ, ಧರ್ಮಶಾಲೆಗಳನ್ನೆಲ್ಲ ವಸತಿಗೃಹವೆಂಬ ಒಂದೇ ವ್ಯಾಖ್ಯೆಯೊಳಗೆ ತಂದ ಆ ಕಾಯಿದೆ ಮಂಗಳೂರು ಕಾಸರಗೋಡುಗಳಿಗೂ ಬಳ್ಳಾರಿಗೂ ಅನ್ವಯಿಸಿತು. ಮೈಸೂರು ಸಂಸ್ಥಾನ 1944ರಲ್ಲಿ ತನ್ನದೇ ಸಾರ್ವಜನಿಕ ಆರೋಗ್ಯ ಕಾಯಿದೆಯನ್ನು ಮಾಡಿಕೊಂಡಿತು. ಮುಂಬಯಿ ಕರ್ನಾಟಕದಲ್ಲಿ ಈ ವಿಷಯ ಬಹುಮಟ್ಟಿಗೆ ಪುರಸಭೆಗಳ ಕಾನೂನಿನೊಳಗೇ ಉಳಿಯಿತು. 1956ರಲ್ಲಿ ಕನ್ನಡನಾಡು ಒಂದಾಯಿತು. ಆದರೆ ವಸತಿಗೃಹದಲ್ಲಿ ಮಲಗಿದವನನ್ನು ಕುರಿತು ಒಂದೇ ಚಿತ್ತದಿಂದ ಯೋಚಿಸುವ ಕಾನೂನು ಮಾತ್ರ ಒಂದಾಗಲಿಲ್ಲ.

ಇಂದಿನ ಸ್ಥಿತಿಯೇನು? ಹತ್ತು ಕೋಣೆಗಳ ಒಂದು ಲಾಡ್ಜನ್ನು ನಡೆಸುವವನು 1964ರ ಪುರಸಭೆಗಳ ಅಧಿನಿಯಮದ ಪ್ರಕಾರ ಪುರಸಭೆಯಿಂದ ವ್ಯಾಪಾರದ ಪರವಾನಗಿ ಪಡೆಯಬೇಕು, 1963ರ ಪೊಲೀಸು ಅಧಿನಿಯಮದ ಕಾರಣದಿಂದ ಠಾಣೆಗೆ ಉತ್ತರ ಹೇಳಬೇಕು, ಊಟ ತಿಂಡಿಯಿದ್ದರೆ 2006ರ ಆಹಾರ ಸುರಕ್ಷತಾ ಅಧಿನಿಯಮಕ್ಕೆ ಬದ್ಧನಾಗಬೇಕು, ಕೆಲಸಗಾರರಿದ್ದರೆ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ, ಮದ್ಯವಿದ್ದರೆ ಅಬಕಾರಿ, ವಿದೇಶೀಯನೊಬ್ಬ ಇಳಿದರೆ ಇಪ್ಪತ್ತನಾಲ್ಕು ಗಂಟೆಗಳೊಳಗೆ ಮಾಹಿತಿ. ಕಾಗದಗಳು ಕಡಮೆಯಿಲ್ಲ. ಪ್ರತಿಯೊಂದು ಕಚೇರಿಯೂ ತನಗೆ ಬೇಕಾದುದನ್ನು ನೋಡಿ ಸಹಿ ಹಾಕಿ ಹೊರಡುತ್ತದೆ. ಮಲಗಿದ ಮನುಷ್ಯನನ್ನು ನೋಡುವ ಕೆಲಸ ಯಾರದೆಂದು ಕೇಳಿದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ. ಈ ಎಲ್ಲದರ ನಡುವೆ ಎಂದೂ ತಪ್ಪದೆ ಪಾಲನೆಯಾಗುವ ನಿಯಮವೊಂದಿದೆ: ಹೆಸರು ಬರೆಯುವ ರಿಜಿಸ್ಟರು. ಕೌಟಿಲ್ಯನ ಶಂಕೆ ನಮಗೆ ಪೂರ್ಣವಾಗಿ ದಕ್ಕಿತು. ಅವನ ನೀರಿನ ಕೊಡಗಳನ್ನು ದಾರಿಯಲ್ಲಿ ಎಲ್ಲಿಯೋ ಇಳಿಸಿಬಂದೆವು.

ಬೆಂಕಿಯ ವಿಷಯವನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅಲ್ಲಿ ಅಜ್ಞಾನವೂ ಉದಾಸೀನವೂ ಸಮಪ್ರಮಾಣದಲ್ಲಿ ಬೆರೆತಿವೆ. ವಸತಿಗೃಹದ ಬೆಂಕಿಯಲ್ಲಿ ಸಾಯುವವರ ಪೈಕಿ ಹೆಚ್ಚಿನವರು ಸುಟ್ಟು ಸಾಯುವುದಿಲ್ಲ, ಹೊಗೆಯಿಂದ ಸಾಯುತ್ತಾರೆ. ಹೊಗೆಯೊಳಗಿನ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ನಿದ್ರೆಯಲ್ಲಿರುವವನನ್ನು ಅದು ಎಬ್ಬಿಸದೆ ನಿದ್ರೆಯನ್ನೇ ಗಾಢಗೊಳಿಸುತ್ತದೆ. ಕೆಳಗಿನ ಅಂತಸ್ತಿನಲ್ಲಿ ಹುಟ್ಟಿದ ಹೊಗೆಗೆ ಬಾಗಿಲಿಲ್ಲದ ತೆರೆದ ಮೆಟ್ಟಿಲಸಾಲು ಒಲೆಯ ಚಿಮಣಿಯಂತಾಗಿ, ಕೆಲವೇ ನಿಮಿಷಗಳಲ್ಲಿ ಮೇಲಿನ ನಡಸಾಲೆಯೆಲ್ಲ ಕತ್ತಲಾಗುತ್ತದೆ. ಆಗ ಹೊಸಬನಾದ ಅತಿಥಿಗೆ ಮೆಟ್ಟಿಲು ಎಡಕ್ಕಿದೆಯೋ ಬಲಕ್ಕಿದೆಯೋ ನೆನಪಿರುವುದಿಲ್ಲ. ಕಿಟಕಿಗೆ ಹೋದರೆ ಕಳ್ಳರ ಭಯದಿಂದ ಹಾಕಿಸಿದ ಕಬ್ಬಿಣದ ಸರಳು. ಮನೆಯವನಾದರೆ ಕಣ್ಣು ಮುಚ್ಚಿಯೂ ತನ್ನ ಬಾಗಿಲನ್ನು ಹುಡುಕಿಯಾನು. ವಸತಿಗೃಹದ ಅಪಾಯ ಮನೆಯ ಅಪಾಯಕ್ಕಿಂತ ಬೇರೆಯೆಂದೂ, ಮನೆ ಕಟ್ಟುವ ನಿಯಮಗಳು ಅದಕ್ಕೆ ಸಾಲವೆಂದೂ ನಾನು ಹೇಳುವುದು ಈ ಒಂದು ಕಾರಣಕ್ಕಾಗಿ.

2019ರ ಫೆಬ್ರುವರಿ 12ರ ನಸುಕಿನಲ್ಲಿ ದೆಹಲಿಯ ಕರೋಲ್ ಬಾಗಿನ ಅರ್ಪಿತ್ ಪ್ಯಾಲೇಸ್ ಹೋಟೆಲಿನಲ್ಲಿ 17 ಮಂದಿ ಸತ್ತರು. 2025ರ ಏಪ್ರಿಲ್ 29ರಂದು ಕಲಕತ್ತೆಯ ಬಡಾಬಜಾರಿನ ರಿತುರಾಜ್ ಹೋಟೆಲಿನಲ್ಲಿ 14 ಮಂದಿ. 2020ರ ಆಗಸ್ಟಿನಲ್ಲಿ ವಿಜಯವಾಡದ ಸ್ವರ್ಣ ಪ್ಯಾಲೇಸ್ ಹೋಟೆಲು ಕೋವಿಡ್ ರೋಗಿಗಳ ಆರೈಕೆಯ ತಾಣವಾಗಿ ಮಾರ್ಪಟ್ಟಿದ್ದಾಗ ಅಲ್ಲಿ 10 ಮಂದಿ ಬೆಂಕಿಗೆ ಆಹುತಿಯಾದರು. ರೋಗದಿಂದ ಪಾರಾಗಲೆಂದು ಸೇರಿಸಿದವರನ್ನು ಕಟ್ಟಡ ಉಳಿಸಿಕೊಳ್ಳಲಿಲ್ಲ. ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹೆಚ್ಚು ಕಾಡುವುದು ನಮ್ಮ ಬೆಂಗಳೂರಿನ ಘಟನೆ. 2018ರ ಜನವರಿ 8ರ ಬೆಳಗಿನ ಜಾವ ಮಾರುಕಟ್ಟೆಯ ಸಮೀಪದ ಕೈಲಾಶ್ ಬಾರ್ ಅಂಡ್ ರೆಸ್ಟೋರೆಂಟಿನಲ್ಲಿ ಬೆಂಕಿ ಬಿದ್ದು ಐವರು ಸತ್ತರು. ಅವರು ಗಿರಾಕಿಗಳಲ್ಲ, ಅಲ್ಲಿಯೇ ದುಡಿದು, ಅಂಗಡಿ ಮುಚ್ಚಿದ ಮೇಲೆ ಅಲ್ಲಿಯೇ ಮಲಗಿದ್ದ ಕೆಲಸಗಾರರು. ಕಾನೂನಿನ ದೃಷ್ಟಿಯಲ್ಲಿ ಅದು ವಸತಿಗೃಹವೇ ಅಲ್ಲ. ಆದರೂ ಐವರು ಅಲ್ಲಿ ವಸತಿಯಾಗಿದ್ದರು. ಹಾವೇರಿ ಜಿಲ್ಲೆಯ ಹಳ್ಳಿಗಳಿಂದ ಹುಬ್ಬಳ್ಳಿಗೂ ಬೆಂಗಳೂರಿಗೂ ಗೋವೆಗೂ ಹೋಟೆಲು ಕೆಲಸಕ್ಕೆಂದು ಹೋದ ಹುಡುಗರಲ್ಲಿ ಎಷ್ಟು ಜನ ಮೇಜುಗಳ ನಡುವೆ, ಅಡಿಗೆಮನೆಯ ಅಟ್ಟದ ಮೇಲೆ, ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಮಲಗುತ್ತಾರೆಂಬುದನ್ನು ಈ ಸಭೆಯಲ್ಲಿರುವ ತಂದೆತಾಯಿಗಳು ನನಗಿಂತ ಚೆನ್ನಾಗಿ ಬಲ್ಲರು. ನಿಯಮಗಳನ್ನು ಪರಿಷ್ಕರಿಸುವವರು ಮೊದಲು ತಿದ್ದಬೇಕಾದುದು ವ್ಯಾಖ್ಯೆಯನ್ನು: ರಾತ್ರಿ ಒಬ್ಬ ಮನುಷ್ಯ ಎಲ್ಲಿ ಮಲಗುವನೋ, ಅವನು ಬಾಡಿಗೆ ಕೊಡಲಿ ಸಂಬಳ ಪಡೆಯಲಿ, ಅಗ್ನಿಯ ಮಟ್ಟಿಗೆ ಅದು ವಸತಿಗೃಹವೇ ಎಂದು ಬರೆಯಬೇಕು.

ಮಾನದಂಡಗಳಿಗೆ ನಾವು ಪರದೇಶಕ್ಕೆ ಹೋಗಬೇಕಾಗಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ ಬಹು ಕಾಲದಿಂದ ಹೋಟೆಲಿನ ಮೆಟ್ಟಿಲಿಗೆ ಒಂದೂವರೆ ಮೀಟರು ಅಗಲವನ್ನು ಹೇಳಿದೆ. ಕೋಣೆಯಿಂದ ಹೊರಹೋಗುವ ದಾರಿಗೆ ಸಾಮಾನ್ಯವಾಗಿ 30 ಮೀಟರನ್ನು ಮಿತಿಯಾಗಿ ಇಟ್ಟಿದೆ. ಸಂಹಿತೆ ತನ್ನಷ್ಟಕ್ಕೆ ಸಲಹೆ ಮಾತ್ರ; ರಾಜ್ಯವೂ ಸ್ಥಳೀಯ ಸಂಸ್ಥೆಯೂ ತಮ್ಮ ಉಪವಿಧಿಗಳಲ್ಲಿ ಅದನ್ನು ಸೇರಿಸಿಕೊಂಡಾಗಲೇ ಅದಕ್ಕೆ ಬಲ ಬರುತ್ತದೆ. ಇನ್ನೊಂದು ತೊಡಕು ಎತ್ತರದ್ದು. ಅಗ್ನಿಶಾಮಕ ಇಲಾಖೆಯ ಕಟ್ಟುನಿಟ್ಟಿನ ಪರಿಶೀಲನೆ ಎತ್ತರದ ಕಟ್ಟಡಗಳ ಸುತ್ತಲೇ ಸುತ್ತುತ್ತದೆ. ನೆಲ ಅಂತಸ್ತಿನಲ್ಲಿ ಬಟ್ಟೆ ಅಂಗಡಿ, ಅದರ ಮೇಲೆ ಎರಡು ಅಂತಸ್ತಿನಲ್ಲಿ ಹನ್ನೆರಡು ಕೋಣೆಗಳಿರುವ ತಾಲ್ಲೂಕು ಕೇಂದ್ರದ ಲಾಡ್ಜು ಆ ಬಲೆಗೆ ಬೀಳುವುದೇ ಇಲ್ಲ. ಹೊಗೆಗೆ ಎತ್ತರದ ಲೆಕ್ಕ ಗೊತ್ತಿಲ್ಲವಷ್ಟೆ. ಬೀಡಿ ಸಿಗರೇಟಿನ ಹೊಗೆಯ ವಿಷಯದಲ್ಲಿ ಮಾತ್ರ ನಮ್ಮ ಕಾನೂನು ಬಹು ಸೂಕ್ಷ್ಮವಾಗಿದೆ: 2003ರ ತಂಬಾಕು ನಿಯಂತ್ರಣ ಕಾಯಿದೆಯಲ್ಲಿ ಮೂವತ್ತು ಕೋಣೆಗಳುಳ್ಳ ಹೋಟೆಲಿಗೆ ಧೂಮಪಾನದ ಪ್ರತ್ಯೇಕ ಸ್ಥಳಕ್ಕೆ ಅವಕಾಶವುಂಟೆಂದು ಕೋಣೆಗಳನ್ನು ಎಣಿಸಿಯೇ ಹೇಳಿದ್ದಾರೆ. ಅಷ್ಟು ಎಣಿಸಬಲ್ಲ ಕಾನೂನು ಇನ್ನೊಂದು ಹೊಗೆಗಾಗಿ ಬಾಗಿಲುಗಳನ್ನೂ ಎಣಿಸಬಹುದಿತ್ತು.

ಸಣ್ಣ ಲಾಡ್ಜಿನವನಿಂದ ಆಗಬಹುದಾದುದೇನೆಂದು ಕೇಳಿದರೆ ಪಟ್ಟಿ ದೊಡ್ಡದೇನಲ್ಲ. ಪ್ರತಿಯೊಂದು ಕೋಣೆಯಲ್ಲಿಯೂ ಬ್ಯಾಟರಿಯ ಹೊಗೆಸೂಚಕ. ಪ್ರತಿ ಅಂತಸ್ತಿನಲ್ಲಿ ಒಂದಾದರೂ ಕಿಟಕಿಯ ಸರಳು ಒಳಗಿನಿಂದ ಬೀಗದ ಕೈಯಿಲ್ಲದೆ ತೆರೆಯುವಂತಿರುವುದು. ಮೆಟ್ಟಿಲ ಬುಡದಲ್ಲಿ ಗ್ಯಾಸಿನ ಸಿಲಿಂಡರು, ಹಳೆಯ ಹಾಸಿಗೆ, ಜನರೇಟರಿನ ಡೀಸೆಲ್ಲು ಇಡದಿರುವುದು. ಕೋಣೆಯ ಬಾಗಿಲಿನ ಒಳಮೈಗೆ ಹೊರದಾರಿಯ ನಕ್ಷೆಯನ್ನು ಕನ್ನಡದಲ್ಲಿ ಅಂಟಿಸುವುದು. ಅಡಿಗೆಗೆ 19 ಕಿಲೋಗ್ರಾಮಿನ ವಾಣಿಜ್ಯ ಸಿಲಿಂಡರಿನ ಬದಲು ಮನೆಬಳಕೆಯ 14.2 ಕಿಲೋಗ್ರಾಮಿನದನ್ನು ಮರೆಯಲ್ಲಿ ಉಪಯೋಗಿಸುವ ಪದ್ಧತಿಯೂ ಬೆಂಕಿಯ ದೃಷ್ಟಿಯಿಂದ ಕೆಟ್ಟುದು, ಏಕೆಂದರೆ ಬಚ್ಚಿಟ್ಟ ಸಿಲಿಂಡರಿಗೆ ಸರಿಯಾದ ಜಾಗ ಎಂದೂ ದೊರೆಯುವುದಿಲ್ಲ.

ಇನ್ನು ನೀರು. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಮಿನಷ್ಟು ಕ್ಲೋರಿನ್ ಉಳಿದಿರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಪುರಸಭೆಯ ನಲ್ಲಿಯಲ್ಲಿ ಅದಿದ್ದರೂ ಮಾಳಿಗೆಯ ತೊಟ್ಟಿಯಲ್ಲಿ ವಾರಗಟ್ಟಲೆ ನಿಂತ ನೀರಿನಲ್ಲಿ ಅದು ಉಳಿಯುವುದಿಲ್ಲ. ಮುಚ್ಚಳವಿಲ್ಲದ ಅದೇ ತೊಟ್ಟಿ ಡೆಂಗಿಯ ಸೊಳ್ಳೆಗೆ ತವರು. ಇಲ್ಲಿ ಸರ್ಕಾರವನ್ನು ಮೆಚ್ಚಬೇಕಾದ ಒಂದು ಪ್ರಸಂಗವಿದೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, 2020ರ ಕರ್ನಾಟಕ ಸಾಂಕ್ರಾಮಿಕ ರೋಗಗಳ ಅಧಿನಿಯಮದ ಕೆಳಗೆ, ಸೊಳ್ಳೆ ಬೆಳೆಯಲು ಬಿಟ್ಟ ನಗರದ ಮನೆಗೆ 400 ರೂಪಾಯಿ, ವಾಣಿಜ್ಯ ಸಂಸ್ಥೆಗೆ 1,000 ರೂಪಾಯಿ ದಂಡವನ್ನು ಗೊತ್ತುಪಡಿಸಿತು. ಹಳ್ಳಿಗಳಲ್ಲಿ ಅದರ ಅರ್ಧ. ನಿಯಮವನ್ನು ಕಾಲಕ್ಕೆ ತಕ್ಕಂತೆ ತಿದ್ದುವುದೆಂದರೆ ಇದು: ಅಪಾಯವೇನೆಂದು ಹೆಸರಿಸಿ, ಹೊಣೆಗಾರನಾರೆಂದು ಹೇಳಿ, ಮೊತ್ತವನ್ನು ಮೊದಲೇ ತಿಳಿಸುವುದು.

ಬಿಸಿನೀರಿನ ಅಪಾಯ ಮಾತ್ರ ಇನ್ನೂ ನಮ್ಮ ಕಣ್ಣಿಗೆ ಬಿದ್ದಿಲ್ಲ. ಗಾಳಿ ಹೊರಹೋಗದ ಸ್ನಾನದ ಕೋಣೆಯೊಳಗೆ ಗ್ಯಾಸ್ ಗೀಸರನ್ನು ಜೋಡಿಸಿದರೆ ಮೇಲೆ ಹೇಳಿದ ಅದೇ ವಾಸನೆಯಿಲ್ಲದ ಅನಿಲ ಅಲ್ಲಿಯೂ ಕೂಡಿಕೊಳ್ಳುತ್ತದೆ. ಬಾಗಿಲು ಹಾಕಿಕೊಂಡು ಸ್ನಾನಕ್ಕಿಳಿದವರು ಹೊರಬಾರದೆ ಹೋದ ಸುದ್ದಿಗಳನ್ನು ನಮ್ಮ ಪತ್ರಿಕೆಗಳು ಪದೇಪದೇ ಅಚ್ಚು ಮಾಡಿವೆ. ಉಪಕರಣವನ್ನು ಸ್ನಾನದ ಕೋಣೆಯ ಹೊರಗೆ ಇಡತಕ್ಕದ್ದೆಂಬ ಒಂದು ಸಾಲು ನಿಯಮದಲ್ಲಿದ್ದರೆ ಸಾಕು. ಸೂರ್ಯಶಾಖದ ತೊಟ್ಟಿಗಳಲ್ಲಿ ಬೇರೊಂದು ಬಗೆಯ ಭಯ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಬೆಲವ್ಯೂ ಸ್ಟ್ರಾಟ್‌ಫರ್ಡ್ ಎಂಬ ದೊಡ್ಡ ಹೋಟೆಲಿನಲ್ಲಿ ಸಮ್ಮೇಳನಕ್ಕೆಂದು ಕೂಡಿದ್ದವರಲ್ಲಿ ನೂರಾರು ಮಂದಿ ಅಜ್ಞಾತವಾದ ಶ್ವಾಸರೋಗಕ್ಕೆ ತುತ್ತಾಗಿ, 29ಕ್ಕೆ ಕಡಮೆಯಿಲ್ಲದಷ್ಟು ಜನ ಮೃತರಾದರು; ಮರುವರ್ಷದ ಆರಂಭದಲ್ಲಿ ಪತ್ತೆಯಾದ ಆ ಜೀವಾಣು ಬೆಚ್ಚಗಿನ ನೀರಿನಲ್ಲಿ ಬೆಳೆಯುವಂಥದು. ಉಗುರುಬೆಚ್ಚಗಿರುವ ನೀರು ಅದಕ್ಕೆ ಪ್ರಿಯ. 60 ಡಿಗ್ರಿಯ ಶಾಖವನ್ನು ಅದು ತಾಳಲಾರದು. ನಮ್ಮ ಬಿಸಿಲುನಾಡಿನ ತಾರಸಿಯ ತೊಟ್ಟಿ ಮೋಡ ಮುಸುಕಿದ ಆಷಾಢ ಶ್ರಾವಣಗಳಲ್ಲಿ ಯಾವ ಉಷ್ಣತೆಯಲ್ಲಿರುತ್ತದೆಂಬುದನ್ನು ಒಂದು ಸಾಮಾನ್ಯ ಉಷ್ಣಮಾಪಕ ಹೇಳಬಲ್ಲದು. ತಗಣೆಗಳ ವಿಷಯ ನಾನೆತ್ತುವುದಿಲ್ಲ. ಅವು ಯಾವ ಪರವಾನಗಿಯನ್ನೂ ಕೇಳದೆ ಅನಾದಿಯಿಂದ ವಾಸವಾಗಿರುವ ನಿವಾಸಿಗಳು.

ಮಲಮೂತ್ರಗಳ ಪ್ರಶ್ನೆಯನ್ನು ಸವಣೂರಿನಲ್ಲಿ ನಿಂತು ಎತ್ತದೆ ಹೋಗುವುದು ಹೇಡಿತನವಾದೀತು. 2010ರ ಜುಲೈ ತಿಂಗಳಲ್ಲಿ ಇದೇ ಊರಿನ ಪುರಸಭೆಯ ಮುಂದೆ ಭಂಗಿ ಸಮುದಾಯದ ಕೆಲವರು, ತಾವು ತಲೆಮಾರುಗಳಿಂದ ಇದ್ದ ಜಾಗದಿಂದ ತಮ್ಮನ್ನು ಎಬ್ಬಿಸುವ ಪ್ರಯತ್ನಕ್ಕೆ ಪ್ರತಿಭಟಿಸಿ, ಜೀವಮಾನವೆಲ್ಲ ತಾವು ಹೊತ್ತುದನ್ನೇ ತಮ್ಮ ಮೈಮೇಲೆ ಸುರಿದುಕೊಂಡರು. ದೇಶವೆಲ್ಲ ಬೆಚ್ಚಿ ನೋಡಿತು. ಮಲಹೊರುವ ಪದ್ಧತಿಯನ್ನು ನಿಷೇಧಿಸಿದ 1993ರ ಕಾಯಿದೆಗೆ ಅಂದಿಗೆ ಹದಿನೇಳು ವರ್ಷ ವಯಸ್ಸಾಗಿತ್ತೆಂಬುದನ್ನು ಮರೆಯಬಾರದು. 2013ರಲ್ಲಿ ಬಂದ ಹೊಸ ಕಾಯಿದೆ ಚರಂಡಿ ಮತ್ತು ಶೌಚಗುಂಡಿಗಳೊಳಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನೂ ಅಪರಾಧವೆಂದಿತು. 2023ರಲ್ಲಿ ಸರ್ವೋಚ್ಚ ನ್ಯಾಯಾಲಯ ಇಂಥ ಸಾವಿನ ಪರಿಹಾರವನ್ನು ಹತ್ತರಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಒಳಚರಂಡಿ ಕಾಣದ ಊರಿನಲ್ಲಿ ವಸತಿಗೃಹವೆಂದರೆ ದೊಡ್ಡದೊಂದು ಶೌಚಗುಂಡಿಯೇ. ಜಾತ್ರೆ, ಆರಾಧನೆ, ಮದುವೆಗಳ ಕಾಲದಲ್ಲಿ ಅದು ತುಂಬುತ್ತದೆ. ತುಂಬಿದಾಗ ಯಂತ್ರಕ್ಕಾಗಿ ಕಾಯುವ ತಾಳ್ಮೆಯಿಲ್ಲದವನು ಯಾರನ್ನು ಕರೆಯುತ್ತಾನೆಂಬುದನ್ನು ನಾವೆಲ್ಲ ಬಲ್ಲೆವು. ಗುಂಡಿಯೊಳಗಿನ ವಿಷಾನಿಲಕ್ಕೆ ಒಬ್ಬನು ಬಲಿಯಾದರೆ ಅವನನ್ನು ಎತ್ತಲು ಇಳಿದವನೂ ಬಲಿಯಾಗುತ್ತಾನೆ. ಆದಕಾರಣ ಪರವಾನಗಿಯ ಅರ್ಜಿಯಲ್ಲಿಯೇ ಗುಂಡಿಯ ಗಾತ್ರವನ್ನೂ, ಕೊನೆಯ ಸಲ ಯಂತ್ರದಿಂದ ತೆರವುಮಾಡಿಸಿದ ರಸೀತಿಯನ್ನೂ ಕೇಳಬೇಕು. ಅತಿಥಿಯ ಆರೋಗ್ಯವೆಂದು ಹೇಳಿ ಅದನ್ನು ಕಾಪಾಡುವವನ ಪ್ರಾಣವನ್ನು ಲೆಕ್ಕಕ್ಕೆ ಹಿಡಿಯದ ನಿಯಮ ನನ್ನ ದೃಷ್ಟಿಯಲ್ಲಿ ಆರೋಗ್ಯದ ನಿಯಮವೇ ಅಲ್ಲ.

ರಿಜಿಸ್ಟರಿನ ವಿಷಯದಲ್ಲಿ ಸಂಕ್ಷೇಪವಾಗಿ ಒಂದು ಮಾತು. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ತೀರ್ಪಾದ ಮೊಕದ್ದಮೆಯ ಅರ್ಜಿದಾರರು ನಮ್ಮ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಅವರ ನಾಡಿನಲ್ಲಿಯೇ ಲಾಡ್ಜಿನ ಮೇಜಿನ ಖಾನೆಯಲ್ಲಿ ನೂರಾರು ಜನರ ಆಧಾರ್ ಚೀಟಿಗಳ ನಕಲು ಬೀಗವಿಲ್ಲದೆ ಬಿದ್ದಿರುತ್ತದೆ. ಗುರುತನ್ನು ನೋಡುವುದು ಬೇಡವೆಂದು ನಾನು ಹೇಳುವುದಿಲ್ಲ; ನೋಡಿದ ಮೇಲೆ ನಕಲನ್ನು ಎಷ್ಟು ದಿನ ಇಡಬಹುದು, ಯಾರಿಗೆ ತೋರಿಸಬಹುದು ಎಂಬುದನ್ನು ಬರೆಯಬೇಕೆಂದಷ್ಟೇ ನನ್ನ ವಿನಂತಿ.

ಇಷ್ಟನ್ನು ಕೇಳಿದ ಮೇಲೆ ಒಬ್ಬ ಲಾಡ್ಜಿನ ಮಾಲಿಕರು ಎದ್ದುನಿಂತು, ಸ್ವಾಮಿ, ನಮ್ಮ ಬಾಡಿಗೆಯೇ ಅಲ್ಪ, ಇನ್ನಷ್ಟು ನಿಯಮವೆಂದರೆ ಇನ್ನಷ್ಟು ಪರೀಕ್ಷಕರು, ಇನ್ನಷ್ಟು ಪರೀಕ್ಷಕರೆಂದರೆ ಏನೆಂದು ನಿಮಗೂ ಗೊತ್ತು ಎಂದರೆ, ಅವರ ಆಕ್ಷೇಪವನ್ನು ತಳ್ಳಿಹಾಕಲಾಗದು. ಇಂಗ್ಲೆಂಡಿನ ಅನುಭವ ಇಲ್ಲಿ ಉಪಯುಕ್ತವಾದೀತು. 1969ರ ಕ್ರಿಸ್ಮಸ್ಸಿನ ಮರುದಿನ ಸ್ಯಾಫ್ರನ್ ವಾಲ್ಡನ್ ಎಂಬ ಸಣ್ಣ ಊರಿನ ರೋಸ್ ಅಂಡ್ ಕ್ರೌನ್ ಹೋಟೆಲಿನಲ್ಲಿ ಬೆಂಕಿಯಿಂದ 11 ಮಂದಿ ಸತ್ತರು. ಅದರ ಬೆನ್ನಿಗೆ 1971ರಲ್ಲಿ ಅಗ್ನಿ ಮುನ್ನೆಚ್ಚರಿಕೆಯ ಕಾಯಿದೆ ಬಂದು, ಹೋಟೆಲುಗಳಿಗೂ ಬೋರ್ಡಿಂಗ್ ಮನೆಗಳಿಗೂ ಮೊತ್ತಮೊದಲು ಅಗ್ನಿ ಪ್ರಮಾಣಪತ್ರ ಕಡ್ಡಾಯವಾಯಿತು. ಮೂರು ದಶಕಗಳ ಮೇಲೆ ಅವರೇ ಆ ಪದ್ಧತಿಯನ್ನು ಬಿಟ್ಟು, ಕಟ್ಟಡದ ಹೊಣೆಗಾರನೇ ಅಪಾಯವನ್ನು ಅಂದಾಜುಮಾಡಿ ಬರೆದಿಡಬೇಕೆಂಬ 2005ರ ಆದೇಶಕ್ಕೆ ಬಂದರು. ನಮ್ಮ ಸಣ್ಣ ಊರುಗಳಿಗೆ ಎರಡನೆಯದೊಂದೇ ಸಾಲದು. ಬರೆದಿಡುವುದು ನಮ್ಮಲ್ಲಿ ಬೇಗನೆ ಬರೆದುಕೊಡುವವನ ವೃತ್ತಿಯಾಗಿಬಿಡುತ್ತದೆ. ಮೊದಲನೆಯದೊಂದೇ ಆದರೆ ಮಾಲಿಕರ ಭಯ ನಿಜವಾಗುತ್ತದೆ. ಇಪ್ಪತ್ತು ಹಾಸಿಗೆಗಳಿಗಿಂತ ಚಿಕ್ಕದಾದ ವಸತಿಗೆ ಒಂದೇ ಪುಟದ ನಿಯಮ, ಒಂದೇ ಅರ್ಜಿ, ವರ್ಷಕ್ಕೊಂದೇ ಭೇಟಿ, ತಿದ್ದಿಕೊಳ್ಳಲು ಅವಧಿ, ತಿದ್ದಿಕೊಳ್ಳದಿದ್ದರೆ ಮೊದಲೇ ಪ್ರಕಟಿಸಿದ ದಂಡ. ದೊಡ್ಡವಕ್ಕೆ ಪೂರ್ಣ ಸಂಹಿತೆ. ಇದು ನನ್ನ ಅಭಿಪ್ರಾಯ.

2024ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ಪಿ.ಜಿ. ವಸತಿಗಳಿಗೆ ಹೊರಡಿಸಿದ ಮಾರ್ಗಸೂಚಿ ಈ ದಾರಿಯಲ್ಲಿ ಒಂದು ಹೆಜ್ಜೆ. ತಲೆಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರು ನೀರು, ಆಹಾರದ ಪರವಾನಗಿ, ಕ್ಯಾಮರಾ ಮತ್ತು ಕಾವಲು ಎಂದು ಅದು ವಿಧಿಸಿತು. ಒಂದು ಪಿ.ಜಿ.ಯಲ್ಲಿ ಯುವತಿಯ ಕೊಲೆಯಾದ ಮೇಲೆ ಬಂದ ಮಾರ್ಗಸೂಚಿಯಾದುದರಿಂದ ಅದರಲ್ಲಿ ಕ್ಯಾಮರಾದ ಮಾತು ಮುಂದಿರುವುದು ಸಹಜ. ಆದರೂ 153 ವರ್ಷಗಳ ಮೇಲೆ ಪುರಿಯ ವೈದ್ಯನ ಆ ಸಂಖ್ಯೆ ಚದರ ಅಡಿಯ ವೇಷದಲ್ಲಿ ಹಿಂದಿರುಗಿತಲ್ಲಾ ಎಂದು ನನಗೆ ಸಂತೋಷವಾಯಿತು. ಧಾರವಾಡ, ಹಾವೇರಿ, ಶಿಗ್ಗಾಂವಿಗಳ ವಿದ್ಯಾರ್ಥಿಯ ಶ್ವಾಸಕೋಶವೂ ಬೆಂಗಳೂರಿನವನದಷ್ಟೇ ದೊಡ್ಡದಿರುವುದರಿಂದ ಇದು ಇಡೀ ರಾಜ್ಯದ ನಿಯಮವಾಗುವುದು ನ್ಯಾಯ. ಛತ್ರ, ಮಠ, ಕಲ್ಯಾಣಮಂಟಪಗಳನ್ನು ಇದರೊಳಗೆ ತರಬೇಕೇ ಎಂಬುದು ಸೂಕ್ಷ್ಮ ಪ್ರಶ್ನೆ. ಧರ್ಮಾರ್ಥ ನಡೆಯುವ ಸಂಸ್ಥೆಗಳಿಂದ ಶುಲ್ಕ ವಸೂಲು ಮಾಡುವುದು ನನಗೆ ಒಪ್ಪಿಗೆಯಲ್ಲ. ಆದರೆ ಪುಣ್ಯಕ್ಕಾಗಿ ಕೊಟ್ಟ ಜಾಗದಲ್ಲಿ ನೂರು ಜನ ಒಂದೇ ಬಾಗಿಲಿನ ಮಂಟಪದಲ್ಲಿ ಮಲಗಿದಾಗ ಹೊಗೆ ಪುಣ್ಯಪಾಪಗಳನ್ನು ವಿಚಾರಿಸದು. 1939ರ ಮದರಾಸಿನ ವ್ಯಾಖ್ಯೆಯಲ್ಲಿ ಛತ್ರವನ್ನೂ ಸೇರಿಸಿದ ಹಿರಿಯರು ದೈವದ್ರೋಹಿಗಳಾಗಿರಲಿಲ್ಲ.

ರಾಜ್ಯದ ಕಾನೂನು ಬರುವ ತನಕ ಕಾಯಬೇಕಾದ ಅಗತ್ಯವಿಲ್ಲ. ಪುರಸಭೆಗೆ ಉಪವಿಧಿಗಳನ್ನು ಮಾಡುವ ಅಧಿಕಾರವನ್ನು 1964ರ ಅಧಿನಿಯಮವೇ ಕೊಟ್ಟಿದೆ. ಸರ್ಕಾರದ ಮಂಜೂರಾತಿ ಬೇಕೆಂಬುದು ನಿಜವಾದರೂ ಮಸೂದೆಯನ್ನು ಬರೆಯುವುದಕ್ಕೆ ಯಾರ ಮಂಜೂರಾತಿಯೂ ಬೇಡ. ಸವಣೂರು, ಶಿಗ್ಗಾಂವಿ, ಬಂಕಾಪುರ, ಹಾನಗಲ್ಲುಗಳ ಸ್ಥಳೀಯ ಸಂಸ್ಥೆಗಳು ಕೂಡಿ ಒಂದೇ ಮಸೂದೆಯನ್ನು ಬರೆದರೆ ಹೆದ್ದಾರಿಯ ಲಾಡ್ಜಿನವನು ಪಕ್ಕದ ಊರಿನ ಸಡಿಲು ನಿಯಮವನ್ನು ತೋರಿಸಿ ಜಾರಿಕೊಳ್ಳುವಂತಿಲ್ಲ. ಅದರಲ್ಲಿ ನಾನು ಆಗ್ರಹಪಡಿಸುವ ವಿಧಿಯೊಂದಿದೆ: ಪರಿಶೀಲನೆ ರಾತ್ರಿಯೇ ನಡೆಯಬೇಕು. ಹಗಲು ಹನ್ನೊಂದಕ್ಕೆ ಹೋದ ಪರೀಕ್ಷಕನಿಗೆ ಕೆಲಸದ ಹುಡುಗನ ಚಾಪೆ ಸುತ್ತಿಟ್ಟಿರುವುದರಿಂದ ಅವನು ಎಲ್ಲಿ ಮಲಗುತ್ತಾನೆಂಬುದು ಗೊತ್ತಾಗುವುದಿಲ್ಲ; ಇಬ್ಬರ ಕೋಣೆಯಲ್ಲಿ ಐವರಿರುವುದು ಕಾಣುವುದಿಲ್ಲ; ಹಿಂಬಾಗಿಲಿಗೆ ಬೀಗ ಬೀಳುವುದೂ ಹತ್ತು ಗಂಟೆಯ ಮೇಲೆಯೇ. ಅತಿಥಿಯ ಕೋಣೆಯ ಕದವನ್ನು ತಟ್ಟುವ ಅಧಿಕಾರ ಈ ಭೇಟಿಗೆ ಬೇಡ; ಎಷ್ಟು ಜನ ಇಳಿದಿದ್ದಾರೆಂಬ ಲೆಕ್ಕವನ್ನು ಮೇಜಿನ ಬಳಿ ಕೇಳಿ, ನಡಸಾಲೆ, ಮೆಟ್ಟಿಲು, ಅಡಿಗೆಮನೆ, ಕೆಲಸಗಾರರ ಮಲಗುವ ಜಾಗ ಇವಿಷ್ಟನ್ನು ನೋಡಿದರೆ ಸಾಕು. ಪುರಸಭೆಯ ಆರೋಗ್ಯ ನಿರೀಕ್ಷಕರೂ ಸಮೀಪದ ಅಗ್ನಿಶಾಮಕ ಠಾಣೆಯವರೂ ಒಟ್ಟಿಗೆ ಹೋಗಿ, ಕಂಡುದನ್ನು ಅಲ್ಲಿಯೇ ಬರೆದು, ಒಂದು ಪ್ರತಿಯನ್ನು ಮೇಜಿನ ಹಿಂದಿನ ಗೋಡೆಗೆ, ದರಪಟ್ಟಿಯ ಪಕ್ಕದಲ್ಲಿ ಅಂಟಿಸಿ ಬರಲಿ. ಮುಂದಿನ ಏಪ್ರಿಲಿನ ಪರವಾನಗಿಯ ನವೀಕರಣ ಆ ಕಾಗದವನ್ನು ನೋಡಿಯೇ ಆಗಲಿ. ಇದಕ್ಕೆ ತಗಲುವ ವೆಚ್ಚ ಪರವಾನಗಿಯ ಶುಲ್ಕದಿಂದಲೇ ಸಲ್ಲುವಂತೆ ಮಾಡಬಹುದು. ಪುರಿಯಲ್ಲಿ 1871ರಲ್ಲಿ ಮಾಡಿದ ಏರ್ಪಾಡೂ ಅದೇ ಆಗಿತ್ತು.